ಹೊಸ ಶೋಧಗಳ ಹಳೆಯ ಬೇರು

(ಜುಬೈಲ್‌ನ ಕನ್ನಡಿಗರ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಸಾಹಿತ್ಯದ ಮಾತು. ಈ ಸಲ ಜೀವವಿಜ್ಞಾನ, ಭೌತವಿಜ್ಞಾನ ಮತ್ತು ನರವಿಜ್ಞಾನದಲ್ಲಿ ಇತ್ತೀಚೆಗೆ ಆಗಿರುವ ಶೋಧಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದರು. ನನಗೆ ಬಹಳ ಸಂತೋಷವಾಯಿತು. ಈ ಊರಿನಲ್ಲಿ ದಿನಬೆಳಗಾದರೆ ಕಡಲ ನೀರನ್ನು ಸಿಹಿನೀರು ಮಾಡುವವರು, ಅನಿಲದಿಂದ ಗೊಬ್ಬರವನ್ನೂ ಪ್ಲಾಸ್ಟಿಕ್ಕನ್ನೂ ತೆಗೆಯುವ ಸ್ಥಾವರಗಳನ್ನು ನಡೆಸುವವರು ಇದ್ದೀರಿ. ವಿಜ್ಞಾನದ ಮಾತು ಕೇಳಲು ನಿಮಗಿಂತ ಒಳ್ಳೆಯ ಸಭೆ ಎಲ್ಲಿ ಸಿಕ್ಕೀತು?

ಶೋಧಗಳ ಪಟ್ಟಿ ಕೊಡುವುದು ಸುಲಭ. ಪತ್ರಿಕೆಗಳು ಆ ಕೆಲಸವನ್ನು ಪ್ರತಿ ವಾರ ಮಾಡುತ್ತವೆ. ನಾವು ಓದುತ್ತೇವೆ, ಬೆರಗಾಗುತ್ತೇವೆ, ಮರುದಿನ ಮರೆಯುತ್ತೇವೆ. ಮರೆಯುವುದಕ್ಕೆ ಕಾರಣ, ನಮಗೆ ಕಾಣಿಸುವುದು ಗಿಡದ ತುದಿಯ ಹೂವು ಮಾತ್ರ, ಬೇರು ಕಾಣಿಸುವುದಿಲ್ಲ. ಬೇರು ಹುಡುಕುತ್ತ ಹೋದರೆ ಹೆಚ್ಚಿನ ಸಲ ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ತನ್ನ ಕಣ್ಣೆದುರು ಇದ್ದದ್ದನ್ನು ಗಮನವಿಟ್ಟು ನೋಡಿ, ಬರೆದಿಟ್ಟ ಒಬ್ಬ ವ್ಯಕ್ತಿ ಇರುತ್ತಾರೆ. ಅಂಥ ನಾಲ್ಕು ಬೇರುಗಳನ್ನು ಇವತ್ತು ನಿಮಗೆ ತೋರಿಸಬೇಕೆಂದಿದ್ದೇನೆ. ಮೊದಲನೆಯದು ನಾವು ಈಗ ಕುಳಿತಿರುವ, ಸೌದಿ ಅರೇಬಿಯದ ಈ ಪೂರ್ವ ಪ್ರಾಂತ್ಯದ್ದೇ. ಎರಡನೆಯದು ಬೆಂಗಳೂರಿನ ಒಬ್ಬ ಭೌತವಿಜ್ಞಾನಿಯದು. ಮೂರನೆಯದು ಮಿದುಳಿನದು. ಕೊನೆಯದು ನಮ್ಮ ಕರಾವಳಿಯದು, ನಿಮ್ಮಲ್ಲಿ ಅನೇಕರ ಮನೆಯ ಹಿಂದಿನದೇ ಆಗಿರಬಹುದು.

ಮೊದಲ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಇಲ್ಲಿಂದ ದಮ್ಮಾಮ್ ಕಡೆಗೆ ಕಾರಿನಲ್ಲಿ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಕತೀಫ್ ಸಿಗುತ್ತದೆ. ಅದು ಖರ್ಜೂರದ ತೋಟಗಳ ಹಳೆಯ ಊರು. ಇನ್ನೂ ದಕ್ಷಿಣಕ್ಕೆ, ಒಳನಾಡಿನಲ್ಲಿ, ಅಲ್ ಅಹ್ಸಾ ಇದೆ. ಎರಡೂ ಓಯಸಿಸ್‌ಗಳು. ಮರಳಿನ ನಡುವೆ ನೆಲದಿಂದ ಉಕ್ಕುವ ನೀರು, ಆ ನೀರಿನ ಕಾಲುವೆಗಳು, ಕಾಲುವೆಯ ನೆರಳಿನಲ್ಲಿ ತೋಟ. ನಿಂತ ನೀರು ಇದ್ದಲ್ಲಿ ಸೊಳ್ಳೆ ಇರುತ್ತದೆ, ಸೊಳ್ಳೆಯ ಹಿಂದೆ ಮಲೇರಿಯಾ ಬರುತ್ತದೆ. 1940ರ ದಶಕದ ಕೊನೆಯಲ್ಲಿ ತೈಲ ಕಂಪನಿ ಅರಾಮ್ಕೊದವರು ಡಿಡಿಟಿ ಸಿಂಪಡಿಸತೊಡಗುವ ತನಕ ಈ ತೋಟದ ಊರುಗಳನ್ನು ತಲೆಮಾರುಗಳ ಕಾಲ ಮಲೇರಿಯಾ ಕಾಡಿತ್ತು.

ಮಲೇರಿಯಾ ಬಹುಕಾಲ ಬೇರೂರಿದ ಕೆಲವು ನಾಡುಗಳಲ್ಲಿ ಇನ್ನೊಂದು ಕಾಯಿಲೆಯೂ ಕಾಣಿಸುತ್ತದೆ. ಅದೇ ಸಿಕಲ್ ಸೆಲ್, ಕನ್ನಡದಲ್ಲಿ ಕುಡುಗೋಲು ಕಣ ರೋಗ. ನಮ್ಮ ರಕ್ತ ಕೆಂಪಗಿರಲು ಕಾರಣವಾದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಎಂಬ ಸರ ಇದೆ. ಅದರಲ್ಲಿ 146 ಮಣಿಗಳು. ಆರನೆಯ ಮಣಿಯಾಗಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಬಂದು ಕೂತಿರುತ್ತದೆ. ಇಷ್ಟೇ ತಪ್ಪು. ಇಡೀ ಪುಟದಲ್ಲಿ ಒಂದು ಅಕ್ಷರದೋಷ. ಈ ದೋಷ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕ. ವಾಹಕರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಮೇಲಾಗಿ ಮಾರಕ ಮಲೇರಿಯಾದಿಂದ ರಕ್ಷಣೆ ಇದೆ. ಇಬ್ಬರಿಂದಲೂ ಬಂದರೆ ಕಾಯಿಲೆ.

ಈ ಕಾಯಿಲೆಯನ್ನು ಕಣ್ಣಾರೆ ಕಾಣಲು ದೊಡ್ಡ ಯಂತ್ರ ಬೇಡ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಅದಕ್ಕೆ ಒಂದು ಹನಿ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ. ಮೇಲೊಂದು ತೆಳು ಗಾಜು ಮುಚ್ಚಿ ಗಾಳಿಯಾಡದಂತೆ ಅಂಚನ್ನು ಮೆತ್ತಿಬಿಡಬೇಕು. ದ್ರಾವಣ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ಮೊದಲು ದುಂಡಗೆ ರಾಗಿಯ ಕಾಳುಗಳಂತೆ ತೇಲುತ್ತಿದ್ದ ಕಣಗಳು ಒಂದೊಂದಾಗಿ ಸೆಟೆದು, ಎರಡು ತುದಿ ಚೂಪಾಗಿ, ಹುಲ್ಲು ಕೊಯ್ಯುವ ಕುಡುಗೋಲಿನ ಹಾಗೆ ಬಾಗುತ್ತವೆ. ಗಾಜಿನ ಮೇಲೆ ನಡೆದದ್ದೇ ರೋಗಿಯ ಮೈಯಲ್ಲಿ ನಡೆದಾಗ, ಆ ಬಾಗಿದ ಕಣಗಳು ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆ ನೋವು ಮೂಳೆಯನ್ನು ಒಳಗಿನಿಂದ ಮುರಿದಂತೆ ಇರುತ್ತದೆಂದು ಅನುಭವಿಸಿದವರು ಹೇಳುತ್ತಾರೆ.

1910ರಲ್ಲಿ ಶಿಕಾಗೊದ ವೈದ್ಯ ಜೇಮ್ಸ್ ಹೆರಿಕ್ ಈ ಕಾಯಿಲೆಯ ಮೊದಲ ವಿವರಣೆಯನ್ನು ಪ್ರಕಟಿಸಿದರು. ಆ ಕಾಲದ ಅಮೆರಿಕದಲ್ಲಾಗಲಿ ಆಫ್ರಿಕದಲ್ಲಾಗಲಿ ಕಾಯಿಲೆಯ ಮಕ್ಕಳಲ್ಲಿ ಬಹಳಷ್ಟು ಮಂದಿ ಚಿಕ್ಕಂದಿನಲ್ಲೇ ತೀರಿಹೋಗುತ್ತಿದ್ದರು. ಆದರೆ ಇಲ್ಲಿ, ದಹ್ರಾನ್‌ನ ಅರಾಮ್ಕೊ ಆಸ್ಪತ್ರೆಯ ವೈದ್ಯ ಆರ್.ಪಿ. ಪೆರಿನ್ ಬೇರೆಯದೇ ಒಂದು ಚಿತ್ರವನ್ನು ಕಂಡರು. ಕತೀಫ್ ಮತ್ತು ಅಲ್ ಅಹ್ಸಾದಿಂದ ಬರುತ್ತಿದ್ದ ರೋಗಿಗಳಲ್ಲಿ ಕುಡುಗೋಲು ಕಣ ಖಂಡಿತ ಇತ್ತು, ಆದರೆ ಕಾಯಿಲೆ ಸೌಮ್ಯ. ಅವರು ಬೆಳೆದು ದೊಡ್ಡವರಾಗಿದ್ದರು, ದುಡಿಯುತ್ತಿದ್ದರು. ಇದನ್ನು ಅದೃಷ್ಟವೆಂದು ಬಿಟ್ಟುಬಿಡಬಹುದಿತ್ತು. ಪೆರಿನ್ ಬಿಡಲಿಲ್ಲ. ವರ್ಷಗಟ್ಟಲೆ ದಾಖಲೆ ಇಟ್ಟರು. ಅವರೂ ಅವರ ಸಂಗಾತಿಗಳೂ 270 ಮಂದಿಯ ವಿವರಗಳನ್ನು 1978ರಲ್ಲಿ ಪ್ರಕಟಿಸಿದರು.

ಸೌಮ್ಯತೆಯ ಗುಟ್ಟು ಏನು? ತಾಯಿಯ ಗರ್ಭದಲ್ಲಿರುವ ಮಗುವಿಗೆ ಬೇರೆಯದೇ ಹಿಮೋಗ್ಲೋಬಿನ್ ಇರುತ್ತದೆ. ಅದನ್ನು ಭ್ರೂಣದ ಹಿಮೋಗ್ಲೋಬಿನ್ ಅನ್ನುತ್ತಾರೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದು ತಕ್ಕದ್ದು. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ತಯಾರಿ ಹೆಚ್ಚುಕಡಿಮೆ ನಿಂತು, ದೊಡ್ಡವರ ಹಿಮೋಗ್ಲೋಬಿನ್ ಶುರುವಾಗುತ್ತದೆ. ಕುಡುಗೋಲಿನ ದೋಷ ಇರುವುದು ಈ ದೊಡ್ಡವರ ಹಿಮೋಗ್ಲೋಬಿನ್ನಿನಲ್ಲಿ. ಹಸುಗೂಸುಗಳ ರಕ್ತಕಣ ಅಷ್ಟಾಗಿ ಬಾಗುವುದಿಲ್ಲ ಎಂಬುದನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಜಾನೆಟ್ ವಾಟ್ಸನ್ 1948ರಲ್ಲೇ ಗಮನಿಸಿದ್ದರು. ಕತೀಫ್‌ನ ಜನರಲ್ಲಿ ಈ ಭ್ರೂಣದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸಾಕಷ್ಟು ಉಳಿದಿತ್ತು, ಹಲವರಲ್ಲಿ ಶೇಕಡ 20ರ ಆಸುಪಾಸು. ಬಾಲ್ಯದ ರಕ್ಷಣೆ ಅವರನ್ನು ಪೂರ್ತಿ ಬಿಟ್ಟುಹೋಗಿರಲಿಲ್ಲ. ಇದೇ ದೇಶದ ನೈಋತ್ಯ ಮೂಲೆಯ ಜಿಜಾನ್ ಕಡೆಯ ರೋಗಿಗಳಲ್ಲಿ ಅದು ಇಷ್ಟಿರಲಿಲ್ಲ, ಅಲ್ಲಿ ಕಾಯಿಲೆಯೂ ಉಗ್ರ.

ಇಲ್ಲಿ ನಮ್ಮ ನಾಡೂ ಕಥೆಯೊಳಗೆ ಬರುತ್ತದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣವನ್ನು ಕಂಡರು. ನೀಲಗಿರಿಯ ಈಚೆ ಮಗ್ಗುಲೇ ನಮ್ಮ ಚಾಮರಾಜನಗರ ಜಿಲ್ಲೆ. 1986ರಲ್ಲಿ ಪ್ರಕಟವಾದ ಒಂದು ವಂಶವಾಹಿ ಸಮೀಕ್ಷೆ ಇನ್ನೂ ದೊಡ್ಡ ಸಂಗತಿಯನ್ನು ತಿಳಿಸಿತು. ಭಾರತದ ರೋಗಿಗಳಲ್ಲಿ ಮತ್ತು ಸೌದಿಯ ಈ ಪೂರ್ವ ಪ್ರಾಂತ್ಯದ ರೋಗಿಗಳಲ್ಲಿ ದೋಷದ ಅಕ್ಕಪಕ್ಕದ ವಂಶವಾಹಿ ಗುರುತುಗಳು ಒಂದೇ. ಆಫ್ರಿಕದವರಲ್ಲಿ ಬೇರೆ. ವಿಜ್ಞಾನಿಗಳು ಇದನ್ನು ಅರಬ್-ಭಾರತೀಯ ಮಾದರಿ ಎಂದು ಕರೆಯುತ್ತಾರೆ. ಅದು ಮೊದಲು ಎಲ್ಲಿ ಹುಟ್ಟಿತು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಚಾಮರಾಜನಗರದ ಸೋಲಿಗ ಬುಡಕಟ್ಟಿನ ಹಾಡಿಗೂ ಕತೀಫ್‌ನ ತೋಟಕ್ಕೂ ನಡುವೆ ಒಂದು ಹಳೆಯ ನೆಂಟಸ್ತನ ರಕ್ತದಲ್ಲೇ ಬರೆದಿಟ್ಟಿದೆ ಎಂದು ತಿಳಿದಾಗ, ಈ ಊರಿನಲ್ಲಿ ನಾವು ತೀರ ಹೊರಗಿನವರಲ್ಲ ಅನ್ನಿಸಿತು.

ಇನ್ನು ಇತ್ತೀಚಿನ ಭಾಗ. ಭ್ರೂಣದ ಹಿಮೋಗ್ಲೋಬಿನ್ ತಯಾರಿಯನ್ನು ನಿಲ್ಲಿಸುವ ಸ್ವಿಚ್ ಯಾವುದು? 2008ರಲ್ಲಿ ವಿಜಯ್ ಶಂಕರನ್ ಮತ್ತು ಸ್ಟುವರ್ಟ್ ಆರ್ಕಿನ್ ಮೊದಲಾದವರು ಅದನ್ನು ಖಚಿತಪಡಿಸಿದರು. ಅದರ ಹೆಸರು ಬಿಸಿಎಲ್11ಎ. 2012ರಲ್ಲಿ ವಂಶವಾಹಿಯನ್ನು ಬೇಕಾದ ಜಾಗದಲ್ಲೇ ಕತ್ತರಿಸುವ ಕ್ರಿಸ್ಪರ್ ಎಂಬ ಸಾಧನವನ್ನು ಜೆನಿಫರ್ ಡೌಡ್ನಾ ಮತ್ತು ಇಮ್ಯಾನ್ಯುಯೆಲ್ ಶಾರ್ಪಾಂಟಿಯೇ ಜಗತ್ತಿಗೆ ಕೊಟ್ಟರು. ಅವರಿಗೆ 2020ರ ನೊಬೆಲ್ ಬಂತು. ಎರಡನ್ನೂ ಕೂಡಿಸಿದರೆ ಚಿಕಿತ್ಸೆ ಸಿದ್ಧ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಆ ಸ್ವಿಚ್ಚನ್ನು ರಕ್ತಕಣಗಳಲ್ಲಿ ಮಾತ್ರ ಕೆಲಸ ಮಾಡದಂತೆ ಕತ್ತರಿಸಿ, ಮತ್ತೆ ಮೈಗೆ ಸೇರಿಸುವುದು. ಆಗ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಕತೀಫ್‌ನ ರೋಗಿಗಳಿಗೆ ಪ್ರಕೃತಿಯೇ ಕೊಟ್ಟಿದ್ದ ರಕ್ಷಣೆಯನ್ನು ಇನ್ನೂ ಧಾರಾಳವಾಗಿ, ಕೈಯಾರೆ ಮಾಡಿಕೊಟ್ಟಂತೆ. ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್‌ನಲ್ಲಿ, ಅಮೆರಿಕ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟವು. ಸೌದಿ ಅರೇಬಿಯ 2024ರ ಜನವರಿಯಲ್ಲಿ ಕೊಟ್ಟಿತು. ಪರೀಕ್ಷೆಗೆ ಒಳಪಟ್ಟು ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿ ಬರಲೇ ಇಲ್ಲ.

ಇದನ್ನು ಹೇಳುವಾಗ ನನಗೆ ಸಂತೋಷವೂ ಸಂಕಟವೂ ಒಟ್ಟಿಗೆ ಆಗುತ್ತದೆ. ಅಮೆರಿಕದಲ್ಲಿ ಈ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಅದಕ್ಕೂ ಮೊದಲು ಹಳೆಯ ಮಜ್ಜೆಯನ್ನು ಕಟುವಾದ ಔಷಧದಿಂದ ಖಾಲಿ ಮಾಡಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಸೋಲಿಗರಲ್ಲಿ ಈ ಕಾಯಿಲೆಯನ್ನು ಗುರುತಿಸಿ ಆರೈಕೆಗೆ ತೊಡಗಿದ ಆ ಬೆಟ್ಟಕ್ಕೆ ಇಷ್ಟು ದುಬಾರಿಯ ಚಿಕಿತ್ಸೆ ಯಾವಾಗ ಹತ್ತೀತು? ಅಲ್ಲಿಯ ತನಕ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಮಾತ್ರೆ ಇದೆ. ಅದೂ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ಭಾರತ ಸರ್ಕಾರ 2023ರ ಜುಲೈ 1ರಂದು ಈ ಕಾಯಿಲೆಯ ನಿರ್ಮೂಲನ ಅಭಿಯಾನವನ್ನು ಶುರು ಮಾಡಿದೆ. ಏಳು ಕೋಟಿ ಜನರ ತಪಾಸಣೆ ಅದರ ಗುರಿ. ನೀವಿರುವ ಈ ದೇಶದಲ್ಲಿ ಮದುವೆಗೆ ಮುಂಚೆ ವಧೂವರರ ರಕ್ತಪರೀಕ್ಷೆ 2004ರಿಂದ ಕಡ್ಡಾಯ. ಜಾತಕದ ಜೊತೆಗೆ ರಕ್ತದ ವರದಿಯನ್ನೂ ನೋಡುವ ಪದ್ಧತಿ ನಮ್ಮಲ್ಲಿ ಬಂದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪುತ್ತದೆ.

ಈಗ ರಕ್ತದಿಂದ ಆಕಾಶಕ್ಕೆ ಹೋಗೋಣ.

ನಿಮ್ಮಲ್ಲಿ ಮೇಂಟೆನೆನ್ಸ್ ವಿಭಾಗದವರಿಗೆ ಒಂದು ಅಭ್ಯಾಸ ಇರುತ್ತದೆ. ಬೋಲ್ಟಿಗೋ ಪೈಪಿಗೋ ಸುತ್ತಿಗೆಯಿಂದ ಹಗುರವಾಗಿ ಒಮ್ಮೆ ಬಡಿದು ಕಿವಿಗೊಡುತ್ತೀರಿ. ಬಿಗಿಯಾಗಿದ್ದರೆ ಒಂದು ನಾದ, ಸಡಿಲವಾಗಿದ್ದರೆ ಇನ್ನೊಂದು. ನಾವು ಓದಿದ ಹಳ್ಳಿಯ ಶಾಲೆಗಳಲ್ಲಿ ರೈಲು ಕಂಬಿಯ ತುಂಡೇ ಗಂಟೆಯಾಗಿ ನೇತಾಡುತ್ತಿತ್ತು. ಜವಾನ ಬಡಿದಾಗ ಮೊದಲು ಠಣ್ ಎಂದು ಏರಿ, ಆಮೇಲೆ ತೆಳ್ಳಗಾಗುತ್ತ ಸಾಯುವ ಆ ದನಿ ನೆನಪಿದೆಯಲ್ಲ. ಬಡಿದ ಕೋಲು ಯಾವುದಾದರೇನು, ಗಂಟೆಯ ಸ್ವರ ಗಂಟೆಯದೇ. ಅದರ ತೂಕ, ಆಕಾರ, ಲೋಹ ಎಲ್ಲ ಆ ಸ್ವರದಲ್ಲಿವೆ.

ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಅವರು ಅಮೆರಿಕದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಸೇರಿದ ಕಾಲಕ್ಕೆ ಕಪ್ಪುಕುಳಿ ಎಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ದೊಡ್ಡ ದೊಡ್ಡವರೇ ಅನುಮಾನಿಸುತ್ತಿದ್ದರು. ಬೆಳಕನ್ನೂ ಹೊರಬಿಡದ ವಸ್ತು ಇದೆ ಎಂದು ತಿಳಿಯುವುದಾದರೂ ಹೇಗೆ? ವಿಶ್ವೇಶ್ವರ ಲೆಕ್ಕದಲ್ಲೇ ಅದಕ್ಕೊಂದು ಪೆಟ್ಟು ಕೊಟ್ಟು ನೋಡಿದರು. ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಗಳನ್ನು ಎರಚಿದರೆ ಏನು ತಿರುಗಿ ಬರುತ್ತದೆ ಎಂದು ಗಣಿಸಿದರು. ಅಗಲವಾದ ಅಲೆ ಎರಚಿದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಬಂದು, ಅದು ಕುಳಿಯ ಗಾತ್ರದಷ್ಟಾದಾಗ, ಹೊರಬಂದದ್ದು ಗಂಟೆಯ ನಾದ. ನಿಶ್ಚಿತ ಸ್ವರ, ಬೇಗ ಬೇಗ ಕುಗ್ಗುತ್ತ ಹೋಗುವ ಕಂಪನ. 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆ ನಾದವನ್ನು ಯಾರಾದರೂ ಕೇಳಲು 45 ವರ್ಷ ಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೊ ಕೇಂದ್ರಗಳು ಮೊದಲ ಬಾರಿಗೆ ಗುರುತ್ವ ಅಲೆಯನ್ನು ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದರೊಳಗೊಂದು ಬೆರೆತದ್ದರ ಅಲೆ. ಎಲ್ಲವೂ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿಯಿತು. ಅದರ ಬಾಲದಲ್ಲಿ ಕುಗ್ಗುತ್ತ ಹೋದ ಕಂಪನ ಇತ್ತು. ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಿದ್ದಾಗ ವಿಶ್ವೇಶ್ವರ ಬೆಂಗಳೂರಿನಲ್ಲಿದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ತಮ್ಮ ಯೌವನದ ಲೆಕ್ಕ ಆಕಾಶದಿಂದ ಉತ್ತರವಾಗಿ ಬಂದದ್ದನ್ನು ಕಂಡು ಹೋದರು ಎಂಬುದು ನನಗೆ ದೊಡ್ಡ ಸಮಾಧಾನ.

ಆದರೆ 2015ರ ಆ ಬಾಲ ಮಸುಕಾಗಿತ್ತು, ಸದ್ದುಗದ್ದಲದ ನಡುವೆ ಕೇಳಿದ ಪಿಸುಮಾತಿನ ಹಾಗೆ. ಈಚಿನ ಶೋಧ ಯಾವುದೆಂದರೆ 2025ರ ಜನವರಿ 14ರದು. ಹೆಚ್ಚುಕಡಿಮೆ ಅಂಥದೇ ಒಂದು ಜೋಡಿ ಬೆರೆಯಿತು, ಅಷ್ಟರಲ್ಲಿ ಉಪಕರಣಗಳು ಎಷ್ಟೋ ಸೂಕ್ಷ್ಮವಾಗಿದ್ದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಬಾರಿ ಗಂಟೆಯ ಮೂಲಸ್ವರ, ಅದರ ಜೊತೆಗಿರುವ ಮೇಲಿನ ಸ್ವರ ಎರಡೂ ಬೇರೆಬೇರೆಯಾಗಿ ಸಿಕ್ಕವು. ಎರಡು ಕಪ್ಪುಕುಳಿ ಕೂಡಿದರೆ ಒಟ್ಟು ಮೇಲ್ಮೈ ಎಂದಿಗೂ ಕಡಿಮೆಯಾಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದನ್ನೂ ಇದು ಗಟ್ಟಿಯಾಗಿ ಪರೀಕ್ಷಿಸಿತು. ಮೊದಲು ಎರಡರದೂ ಸೇರಿ ಸುಮಾರು 2.4 ಲಕ್ಷ ಚದರ ಕಿಲೊಮೀಟರ್ ಇತ್ತು. ಕೂಡಿದ ಮೇಲೆ ಸುಮಾರು 4 ಲಕ್ಷ. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೊಮೀಟರ್. ಅಂದರೆ ಎರಡು ಕರ್ನಾಟಕಕ್ಕಿಂತ ತುಸು ದೊಡ್ಡ ಮೈಯ ವಸ್ತು, ಅದರೊಳಗೆ ಅರವತ್ತಕ್ಕೂ ಹೆಚ್ಚು ಸೂರ್ಯರ ತೂಕ. ಅದು ಗಂಟೆಯಂತೆ ಮಿಡಿದದ್ದನ್ನು ಭೂಮಿಯ ಮೇಲೆ ಅಳೆದರು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಇಂಥದೇ ಕೇಂದ್ರ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಇಲ್ಲಿರುವ ಮಕ್ಕಳಲ್ಲಿ ಒಬ್ಬರಾದರೂ ಅಲ್ಲಿ ಕೆಲಸ ಮಾಡಲಿ ಎಂಬುದು ನನ್ನ ಆಸೆ.

ಮೂರನೆಯ ವಿಷಯ ಮಿದುಳು. ಇದನ್ನು ನಿಮ್ಮ ಮುಂದೆ ಹೇಳಲು ನನಗೆ ಬೇರೆ ಕಾರಣವಿದೆ. ಮನೆಮಂದಿಯನ್ನು ಊರಲ್ಲಿ ಬಿಟ್ಟು, ಕ್ಯಾಂಪಿನ ಕೋಣೆಯಲ್ಲಿ ಮಲಗಿ, ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ದುಡಿಯುವವರು ಇಲ್ಲಿ ಬಹಳ ಜನ ಇದ್ದೀರಿ. ಮನಸ್ಸಿನ ಒತ್ತಡ ಎಂದರೆ ಏನೆಂದು ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಒತ್ತಡ ಮಿದುಳಿನಲ್ಲಿ ಏನನ್ನು ಬದಲಿಸುತ್ತದೆ ಎಂಬುದನ್ನು ನಮ್ಮ ಬೆಂಗಳೂರಿನಲ್ಲೇ ನೋಡಿದ್ದಾರೆ.

ಒಬೈದ್ ಸಿದ್ದಿಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ 2002ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಇಟ್ಟು, ಹತ್ತು ದಿನ ಹೀಗೆ ಮಾಡಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ರೆಂಬೆಗಳು ಕುಗ್ಗಿದ್ದವು. ಭಯ ಆತಂಕಗಳ ಠಾವಾದ ಅಮಿಗ್ಡಲಾದಲ್ಲಿ, ಬಾದಾಮಿಯ ಆಕಾರದ ಆ ಪುಟ್ಟ ಭಾಗದಲ್ಲಿ, ರೆಂಬೆಗಳು ಬೆಳೆದಿದ್ದವು. ಒಂದೇ ಒತ್ತಡ, ಒಂದೇ ತಲೆ, ಒಂದು ಕಡೆ ಬಾಡುವುದು, ಇನ್ನೊಂದು ಕಡೆ ಚಿಗುರುವುದು. ಎರಡು ವರ್ಷದ ಬಳಿಕ ಅದೇ ತಂಡ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟು ನೋಡಿತು. ಅಮಿಗ್ಡಲಾದ ಬೆಳವಣಿಗೆ ಹಿಂದಕ್ಕೆ ಹೋಗಿರಲಿಲ್ಲ. ಆತಂಕವೂ ಉಳಿದಿತ್ತು. 2005ರಲ್ಲಿ ಇನ್ನೊಂದು: ಒಂದೇ ದಿನದ ಎರಡು ಗಂಟೆಯ ಒತ್ತಡ ಆಗ ಏನೂ ಮಾಡದಂತೆ ಕಂಡರೂ, ಹತ್ತು ದಿನ ಕಳೆದ ಮೇಲೆ ಅಮಿಗ್ಡಲಾದಲ್ಲಿ ಹೊಸ ಮೊಳಕೆಗಳು ಎದ್ದಿದ್ದವು.

ಇಲಿಯ ಮಿದುಳನ್ನು ಮನುಷ್ಯನ ಬದುಕಿಗೆ ನೇರವಾಗಿ ಹಚ್ಚಬಾರದು, ನಾನೂ ಹಚ್ಚುವುದಿಲ್ಲ. ಆದರೂ ರಜೆಗೆ ಊರಿಗೆ ಹೋದ ಗಂಡ ಎರಡು ವಾರವಾದರೂ ಸರಿಯಾಗಿ ನಿದ್ದೆ ಮಾಡುವುದಿಲ್ಲ, ಸಣ್ಣ ಸದ್ದಿಗೆ ಬೆಚ್ಚುತ್ತಾನೆ ಎಂದು ಹೇಳುವ ಅಕ್ಕತಂಗಿಯರನ್ನು ನಾನು ಬಲ್ಲೆ. ಅವರಿಗೆ ಇದೊಂದು ಉತ್ತರವಾದೀತು. ಅದು ಮೈಗಳ್ಳತನವೂ ಅಲ್ಲ, ಮನೆಯವರ ಮೇಲಿನ ಸಿಟ್ಟೂ ಅಲ್ಲ. ನಿಮ್ಹಾನ್ಸ್‌ನ ತಂಡವೇ ಇನ್ನೊಂದನ್ನೂ ತೋರಿಸಿದೆ. ಒತ್ತಡಕ್ಕೆ ಒಳಗಾದ ಇಲಿಗಳನ್ನು ಸಂಗಾತಿಗಳಿರುವ, ಏರಲು ಇಳಿಯಲು ಆಡಲು ಸಾಮಾನುಗಳಿರುವ ದೊಡ್ಡ ಗೂಡಿನಲ್ಲಿ ದಿನಕ್ಕೆ ಕೆಲವು ಗಂಟೆ ಬಿಟ್ಟರೆ, ನೆನಪು ಗಮನಾರ್ಹವಾಗಿ ಸುಧಾರಿಸುತ್ತದೆ, ಆತಂಕ ಇಳಿಯುತ್ತದೆ. ನೀವು ಇಲ್ಲಿ ವಾರಕ್ಕೊಮ್ಮೆ ಕ್ರಿಕೆಟ್ಟಿಗೋ ಭಜನೆಗೋ ಬಿರಿಯಾನಿಗೋ ಒಟ್ಟು ಸೇರುವುದನ್ನು ಯಾರೂ ಕಾಲಹರಣ ಎನ್ನದಿರಲಿ.

ಮಿದುಳಿನ ಬಗ್ಗೆ ಇನ್ನೆರಡು ಸಂಗತಿಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಒಂದು ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು. ಗಸಗಸೆ ಕಾಳಿನಷ್ಟು ಸಣ್ಣ ಮಿದುಳು. ಅದನ್ನು ಏಳು ಸಾವಿರ ಹೋಳು ಮಾಡಿ, ಚಿತ್ರ ತೆಗೆದು, ಕಂಪ್ಯೂಟರ್ ಗುರುತಿಸಿದ್ದನ್ನು ನೂರಾರು ಜನ ಕಣ್ಣಿಟ್ಟು ತಿದ್ದಿದರು. 1,39,255 ನರಕೋಶಗಳು, ಐದು ಕೋಟಿಗೂ ಮೀರಿದ ಜೋಡಣೆಗಳು. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ ನರಕೋಶ, ದಾರಿ ಇನ್ನೂ ಬಹಳ ದೂರ. ಇನ್ನೊಂದು, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ್ದು. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯ ನೆನಪು, ರಕ್ತ, ನಡಿಗೆ, ಮಿದುಳುಗಳನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರ ಕೆಲಸ ಮಾಡುತ್ತಿದೆ. ಮರೆವಿನ ಕಾಯಿಲೆಯ ಬಗ್ಗೆ ಜಗತ್ತು ಇದುವರೆಗೆ ತಿಳಿದದ್ದು ಬಹುಪಾಲು ಶ್ರೀಮಂತ ದೇಶಗಳ ಜನರಿಂದ. ನಮ್ಮ ಹಳ್ಳಿಯ ರೈತ, ಅವನ ಹೆಂಡತಿ ಹೇಗೆ ಮುಪ್ಪಾಗುತ್ತಾರೆ ಎಂಬುದರ ಮೊದಲ ದೊಡ್ಡ ದಾಖಲೆಗಳಲ್ಲಿ ಇದೊಂದು.

ಇನ್ನು ಕೊನೆಯ ವಿಷಯ. ಕರಾವಳಿಯವರು ಸ್ವಲ್ಪ ಹತ್ತಿರ ಬಂದು ಕೇಳಬೇಕು.

ಜೀವವಿಜ್ಞಾನದ ಶೋಧವೆಂದರೆ ಕತ್ತರಿಸುವ ಕ್ರಿಸ್ಪರ್ ಮಾತ್ರ ಅಲ್ಲ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿ ಒಂದು ಹೊಸ ಕಪ್ಪೆಯನ್ನು ವಿವರಿಸಿದರು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ತೊರೆಯ ತಳದ ಕೆಸರನ್ನು ಮುಂಗಾಲಿನಿಂದ ಬಾಚಿ, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೆ ಅವರು ಕೊಟ್ಟ ವೈಜ್ಞಾನಿಕ ಹೆಸರಿನಲ್ಲೇ ಕನ್ನಡದ ಕುಂಬಾರ ಇದ್ದಾನೆ. ನಿಕ್ಟಿಬ್ಯಾಟ್ರಾಕಸ್ ಕುಂಬಾರ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಿನ ಒಂದು ರಸ್ತೆಬದಿಯ ಹೊಂಡದಲ್ಲಿ ಬದುಕಿರುವ ಕಪ್ಪೆಯೊಂದರ ಪಕ್ಕೆಯಿಂದ ಅಣಬೆ ಮೂಡಿರುವುದನ್ನು ಕೆಲವರು ಕಂಡು ಫೋಟೊ ತೆಗೆದರು. ಅಂಥದನ್ನು ಅದುವರೆಗೆ ಯಾರೂ ದಾಖಲಿಸಿರಲಿಲ್ಲ. ಕಂಡವರು ಪ್ರಯೋಗಾಲಯದವರಲ್ಲ, ಮಳೆಯಲ್ಲಿ ಕಪ್ಪೆ ನೋಡಲು ಹೋಗಿದ್ದವರು.

2016ರಲ್ಲಿ ಪ್ರಕಟವಾದದ್ದು ಇನ್ನೂ ಹತ್ತಿರದ್ದು. ಮಣಿಪಾಲದ ಸುತ್ತಲಿನ ಮುರಕಲ್ಲು ಪಾರೆಗಳ ಮೇಲೆ ಕೆ.ಎಸ್. ಶೇಷಾದ್ರಿ, ರಮಿತ್ ಸಿಂಘಲ್, ಗುರುರಾಜ ಮೊದಲಾದವರು ಒಂದೂವರೆ ಸೆಂಟಿಮೀಟರಿಗಿಂತ ತುಸು ಉದ್ದದ ಕಪ್ಪೆಯನ್ನು ಕಂಡರು. ಕೂಗು ಕೇಳಿದರೆ ಜೀರುಂಡೆಯೆಂದೇ ತಿಳಿಯಬೇಕು. ಆ ಕಾರಣಕ್ಕೇ ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲವೋ ಏನೋ. ಕಾಲೇಜು, ಆಸ್ಪತ್ರೆ, ಅಪಾರ್ಟ್‌ಮೆಂಟುಗಳ ನಡುವೆ, ಬಸ್ಸಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ, ವಿಜ್ಞಾನಕ್ಕೆ ಗೊತ್ತಿಲ್ಲದ ಒಂದು ಜೀವ ಕೂತಿತ್ತು. ಮುರಕಲ್ಲಿನ ಇಂಗ್ಲಿಷ್ ಹೆಸರು ಲ್ಯಾಟರೈಟ್, ಅದರ ಮೇಲೆಯೇ ಕಪ್ಪೆಗೆ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು.

ಈ ಪಾರೆಗಳನ್ನು ನಮ್ಮ ಸರ್ಕಾರಿ ಲೆಕ್ಕದಲ್ಲಿ ಪಾಳುಭೂಮಿ ಎಂದು ಬರೆಯುವುದು ರೂಢಿ. ಬೇಸಗೆಯಲ್ಲಿ ಬೆಂಕಿಯಂತೆ ಕಾಯುವ ಬೋಳು ಕಲ್ಲು ಅದು. ಮಳೆಗಾಲ ಬಂದರೆ ಅದೇ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಬೆರಳುದ್ದದ ಹೂಗಿಡಗಳು ಹಾಸುತ್ತವೆ. ಆ ನಾಲ್ಕು ತಿಂಗಳಲ್ಲೇ ಈ ಕಪ್ಪೆಯ ಸಂಸಾರ. ಕೆಂಪುಕಲ್ಲಿನ ಕೋರೆ ಬಂದಲ್ಲಿ ಪಾರೆಯೇ ಇರುವುದಿಲ್ಲ. ಆ ಕಲ್ಲು ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಗಳಿಗೆ. ಇಲ್ಲಿ ಬಿಸಿಲಲ್ಲಿ ದುಡಿದ ರಿಯಾಲಿನಿಂದ ಊರಿನಲ್ಲಿ ಎದ್ದ ಮನೆ, ಕಾಂಪೌಂಡು ಎಲ್ಲದರಲ್ಲೂ ಆ ಕಲ್ಲಿದೆ. ನನ್ನ ತಂದೆ ಕಟ್ಟಿಸಿದ ಮನೆಯ ಗೋಡೆಯೂ ಅದರದೇ. ತಲೆಯ ಮೇಲೆ ಸೂರು ಬೇಕೆಂದವರನ್ನು ನಾನು ತಪ್ಪುಗಾರರೆಂದು ಎಣಿಸುವುದಿಲ್ಲ. ಆದರೆ ಎಲ್ಲ ಪಾರೆಯನ್ನೂ ಅಗೆಯಬೇಕಾಗಿಲ್ಲ. ನಿಮ್ಮ ಪಾಲಿನ ಜಾಗದಲ್ಲಿ ಪಾರೆ ಇದ್ದು, ಕೋರೆಯವರು ಮುಂಗಡ ಹಿಡಿದು ಬಂದರೆ, ಒಂದು ಮಳೆಗಾಲ ಕಾಯಿರಿ ಎನ್ನುವ ಹಕ್ಕು ನಿಮಗಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಈ ಸಲ ಮಳೆಗಾಲದಲ್ಲಿ ರಜೆ ಸಿಕ್ಕರೆ, ಒಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಟಾರ್ಚು ಹಿಡಿದು ಹತ್ತಿರದ ಪಾರೆಗೆ ಹೋಗಿ. ಕಾಲಿಗೆ ಬೂಟು ಇರಲಿ. ಟಾರ್ಚು ಆರಿಸಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕೇಳಿಸಿದ ದನಿಗಳನ್ನು ಮೊಬೈಲಿನಲ್ಲಿ ಹಿಡಿದು, ಜಾಗ ಮತ್ತು ತಾರೀಕು ಬರೆದು, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಅಲ್ಲಿ ಖಾತೆ ತೆರೆಯಲು ಹಣ ಬೇಡ, ಪದವಿ ಬೇಡ. ಜೂನಿನಲ್ಲಿ ಮಳೆ ಹಿಡಿಯುತ್ತಿದ್ದಂತೆ ಈ ಕಪ್ಪೆಗಳ ಕೂಗು ಶುರುವಾಗುತ್ತದೆ.